ಸೊಳ್ಳೆ ಪಂಜರದ ತೋಳು

ಬೀದಿಯವರೆಲ್ಲ ಅವಳನ್ನು ಸೊಳ್ಳೆಯಕ್ಕ ಎಂದೇ ಕರೆಯುತ್ತಿದ್ದರು. ಊರೆಲ್ಲ ಸೊಳ್ಳೆ ಹೊಡೆಯುತ್ತಿದ್ದರೆ, ಸೊಳ್ಳೆ ಸಾಕಿ ಸಂಬಳ ತರುವವಳು ಅವಳೊಬ್ಬಳೇ. ಸಂಶೋಧನಾಲಯದ ಬೆಚ್ಚನೆಯ ಕೋಣೆಯಲ್ಲಿ ಸಾಲಾಗಿ ಬಲೆಯ ಪಂಜರಗಳು. ಒಂದೊಂದಕ್ಕೂ ಕೈ ತೂರಿಸಲು ಬಟ್ಟೆಯ ತೋಳು. ಅದು ಹರಿದಾಗಲೆಲ್ಲ ಅವಳು ದರ್ಜಿ ತಮ್ಮನ ಮುಂದೆ ನಿಲ್ಲುವಳು.

"ಮನುಷ್ಯರಿಗೆ ಹೊಲಿಯೋಕೇ ಪುರುಸೊತ್ತಿಲ್ಲ. ನಿನ್ನ ಸೊಳ್ಳೆಗೆ ಅಂಗಿ ಹೊಲೀಲಾ?" ಎಂದು ಅವನು ಮೂಗು ಮುರಿಯುವನು. ಕೊನೆಗೆ ಅವಳೇ ಸೊಟ್ಟಸೊಟ್ಟಗೆ ಹೊಲಿದುಕೊಳ್ಳುವಳು.

ಅಂಥ ತಮ್ಮನಿಗೆ ಎರಡನೆಯ ಸಲ ಡೆಂಗಿ ಬಂತು. ಕೆಂಡದಂತೆ ಸುಡುತ್ತಿದ್ದ ಮೈ ಒಂದು ಬೆಳಿಗ್ಗೆ ತಣ್ಣಗಾಯಿತು. ಅವನು ಅಳತೆಪಟ್ಟಿಯನ್ನು ಕೊರಳಿಗೆ ಹಾಕಿಕೊಂಡು ಅಂಗಡಿಗೆ ಹೊರಟೇಬಿಟ್ಟ. ಅಕ್ಕ ಬಾಗಿಲಿಗೆ ಅಡ್ಡ ನಿಂತಳು.

"ಆಸ್ಪತ್ರೆಗೆ ನಡಿ."

"ಜ್ವರ ಬಿಟ್ಟ ಮೇಲೆ ಆಸ್ಪತ್ರೆನಾ? ತಲೆ ಕೆಟ್ಟಿದೆಯಾ ನಿನಗೆ?"

"ಈ ಜ್ವರ ಬಿಡೋವಾಗಲೇ ಭಯ ಕಣೋ. ಹೋದ ಸಲದ ವೈರಸ್ಸಿನ ಜಾತಿ ಬೇರೆ, ಈ ಸಲದ್ದು ಬೇರೆ. ಹೋದ ಸಲ ಮೈಯಲ್ಲಿ ಹುಟ್ಟಿದ ಹಳೇ ಕಾವಲುಗಾರರು ಇದನ್ನ ಹಿಡ್ಕೋತಾರೆ, ಆದರೆ ಸಾಯಿಸೋಕೆ ಆಗಲ್ಲ. ಕೈ ಹಿಡಿದು ಜೀವಕೋಶದ ಒಳಗೇ ಕರ್ಕೊಂಡು ಹೋಗ್ತಾರೆ! ಆಮೇಲೆ ಮೈ ಗಾಬರಿಬಿದ್ದು ಹೊಡೆದಾಡುತ್ತೆ, ರಕ್ತನಾಳ ಸೋರುತ್ತೆ."

"ಮತ್ತೆ ನಿನ್ನ ಸೊಳ್ಳೆ ಯಾಕೆ ಸಾಯಲ್ಲ?"

"ಅದರ ಮೈ ವೈರಸ್ಸನ್ನ ಪೂರ್ತಿ ಕೊಲ್ಲಲ್ಲ, ಕೊಬ್ಬೋಕೂ ಬಿಡಲ್ಲ. ಹದ್ದುಬಸ್ತಲ್ಲಿ ಇಟ್ಕೊಂಡು ಬದುಕಿರೋವರೆಗೂ ಹೊತ್ತು ತಿರುಗುತ್ತೆ. ನಿನ್ನಷ್ಟು ಹಾರಾಡಲ್ಲ!"

ತಮ್ಮ ನಕ್ಕ. ನಗುತ್ತಿದ್ದವನು ಹೊಟ್ಟೆನೋವು ತಾಳಲಾರದೆ ಕುಸಿದು ಕುಳಿತ. ಅಕ್ಕ ಮತ್ತೆ ಮಾತಿಗೆ ನಿಲ್ಲಲಿಲ್ಲ. ತೋಳಿಗೆ ತೋಳು ಕೊಟ್ಟು ಎಬ್ಬಿಸಿ, ಬೀದಿಯಲ್ಲಿ ಸಿಕ್ಕ ಗಾಡಿ ಹತ್ತಿಸಿದಳು.

ವಾರ್ಡಿನಲ್ಲಿ ಅವನ ರಕ್ತದೊತ್ತಡ ಇಳಿಯುತ್ತಲೇ ಇತ್ತು. ನರ್ಸು ಅವನ ಕೊರಳಿನ ಅಳತೆಪಟ್ಟಿಯನ್ನು ತೆಗೆದು ದಿಂಬಿನ ಕೆಳಗಿಟ್ಟು ಡ್ರಿಪ್ ಏರಿಸಿದಳು.

"ಶಾಲೆ ಮಕ್ಕಳ ಯೂನಿಫಾರಂ ಕತ್ತರಿಸಿ ಹಾಗೇ ಬಿಟ್ಟಿದ್ದೀನಿ, ಅಕ್ಕಾ..."

"ಬಟ್ಟೆ ಕಾಯುತ್ತೆ. ನೀನು ಅಲ್ಲಾಡಿದರೆ ನೋಡು!"

ಅವನ ತಣ್ಣನೆಯ ಅಂಗೈಯನ್ನು ಅವಳು ಬಿಡಲೇ ಇಲ್ಲ. ಊಟಕ್ಕೆ ಏಳಿ ಎಂದು ನರ್ಸು ಗದರಿದರೂ ಜಗ್ಗಲಿಲ್ಲ. ಮರುದಿನ ಆ ಅಂಗೈ ಬೆಚ್ಚಗಾಯಿತು. ಒತ್ತಡ ನಿಧಾನವಾಗಿ ಮೇಲಕ್ಕೆ ಬಂತು.

ಕಣ್ಣು ತೆರೆದ ತಮ್ಮ ದಿಂಬಿನ ಕೆಳಗೆ ತಡಕಾಡಿ ಅಳತೆಪಟ್ಟಿ ತೆಗೆದ.

"ಅಕ್ಕಾ, ಕೈ ಚಾಚು."

"ಯಾಕೋ?"

"ಪಂಜರದ ತೋಳಿಗೆ ಅಳತೆ ಬೇಡ್ವಾ? ಸೊಳ್ಳೆಗೆ ಹೊಲಿಯಲ್ಲ ಅಂದಿದ್ದೆ, ಈಗಲೂ ಹೊಲಿಯಲ್ಲ. ನಿನ್ನ ಕೈಗೆ ಹೊಲೀತೀನಿ."

ಅವಳು ಪಟ್ಟಿಯನ್ನು ಕಿತ್ತು ಸುರುಳಿ ಸುತ್ತಿ ತನ್ನ ಚೀಲಕ್ಕೆ ಹಾಕಿಕೊಂಡಳು.

"ಡಾಕ್ಟರು ಮನೆಗೆ ಕಳಿಸಲಿ, ಆಗ ಕೊಡ್ತೀನಿ. ಈಗ ಸುಮ್ಮನೆ ಮಲಗು."