ಶ್ಯಾಂಟಿಲಿಯ ಜವೆಗೋಧಿ ತೆನೆ

ಜಾನಕಿ ಅಮೆರಿಕಕ್ಕೆ ಬಂದು ನಲವತ್ತು ವರ್ಷ ದಾಟಿತ್ತು. ಅದರಲ್ಲಿ ಬಹುಪಾಲು ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವುದರಲ್ಲೇ ಕಳೆದಿತ್ತು. ನಿವೃತ್ತಿಯಾದ ಮೇಲೆ ಶ್ಯಾಂಟಿಲಿ ಎಂಬ ಊರಿನ ಟೌನ್‌ಹೌಸಿನಲ್ಲಿ ಅವರು, ಗಂಡ ಕೃಷ್ಣಪ್ರಸಾದ, ಇಬ್ಬರೇ. ಗಂಡ ಮೈಸೂರಿನವರು. ಜಾನಕಿ ನವಲಗುಂದದ ಕಡೆಯವರಾದರೂ ಇಷ್ಟು ವರ್ಷದ ಸಂಸಾರದಲ್ಲಿ ಅವರ ಮಾತು ಮೈಸೂರಿನದೇ ಆಗಿಹೋಗಿತ್ತು. ಸ್ವಭಾವ ಮಾತ್ರ ಬದಲಾಗಿರಲಿಲ್ಲ. ಯಾವುದಾದರೂ ಸಂಗತಿ ತಲೆಗೆ ಹೊಕ್ಕರೆ ಅದರ ಬುಡ ಸಿಗುವವರೆಗೆ ಅವರಿಗೆ ಸಮಾಧಾನವಿಲ್ಲ.

ಪಕ್ಕದ ಮನೆಯ ರೋಸ್ಲಿನ್ ಎಂಬತ್ತು ದಾಟಿದ ಯಹೂದಿ ಹೆಂಗಸು, ಹೈಸ್ಕೂಲಿನಲ್ಲಿ ಕೆಮಿಸ್ಟ್ರಿ ಕಲಿಸಿದವರು. ಕೋವಿಡ್ ಕಾಲದಲ್ಲಿ ಇಬ್ಬರೂ ತಮ್ಮ ತಮ್ಮ ಮನೆಯ ಹಿಂದಿನ ಮರದ ಜಗಲಿ, ಡೆಕ್ ಮೇಲೆ ಕುಳಿತು ಮಾತಾಡುತ್ತ ಸ್ನೇಹಿತರಾಗಿದ್ದರು. ೨೦೨೨ರ ವಸಂತದಲ್ಲಿ ಒಂದು ಸಂಜೆ, ಮಾತಿನ ನಡುವೆ ಕತ್ತಲಾದದ್ದನ್ನು ನೋಡಿ ರೋಸ್ಲಿನ್ ಎದ್ದು ನಿಂತರು. ಹೀಬ್ರೂವಿನಲ್ಲಿ ಒಂದೆರಡು ಸಾಲು ಹೇಳಿ ಮತ್ತೆ ಕುಳಿತರು. ಏನದು ಎಂದು ಜಾನಕಿ ಕೇಳಿದರು. ದಿನ ಎಣಿಸಿದೆ ಎಂದರು ರೋಸ್ಲಿನ್. ಪಾಸೋವರ್ ಹಬ್ಬದ ಎರಡನೆಯ ರಾತ್ರಿಯಿಂದ ಏಳು ವಾರ ದಿನಕ್ಕೊಂದು ಸಂಖ್ಯೆ ಎಣಿಸಬೇಕು; ಹಿಂದೆ ತಮ್ಮವರ ದೊಡ್ಡ ದೇವಾಲಯವಿದ್ದ ಕಾಲದಲ್ಲಿ ಆ ಎರಡನೆಯ ದಿನ ಬಾರ್ಲಿಯ, ಅಂದರೆ ಜವೆಗೋಧಿಯ, ಮೊದಲ ತೆನೆಯನ್ನು ತಂದು ಪುರೋಹಿತನ ಕೈಗೆ ಕೊಡುತ್ತಿದ್ದರು, ಅದು ಆಗುವವರೆಗೆ ಹೊಸ ಕಾಳನ್ನು ಯಾರೂ ಬಾಯಿಗೆ ಹಾಕುತ್ತಿರಲಿಲ್ಲ; ಏಳು ವಾರ ಕಳೆದು ಗೋಧಿ ಕೊಯ್ಲಾದಾಗ ಹೊಸ ಗೋಧಿಯ ಎರಡು ರೊಟ್ಟಿ ಒಪ್ಪಿಸುತ್ತಿದ್ದರು. ದೇವಾಲಯ ಹೋಯಿತು, ಹೊಲವೂ ಹೋಯಿತು, ಎಣಿಕೆ ಉಳಿಯಿತು.

ಜಾನಕಿಗೆ ಇದೆಲ್ಲ ತೀರ ಹೊಸದೆನಿಸಲಿಲ್ಲ. ಅವರ ಅಜ್ಜಿಯೂ ಹೊಸ ಜೋಳದ ತೆನೆಯನ್ನು ದೇವರ ಮುಂದಿಡದೆ ಯಾರಿಗೂ ಕೊಡುತ್ತಿರಲಿಲ್ಲ. ಅವರ ತಲೆಯಲ್ಲಿ ಉಳಿದದ್ದು ಬೇರೆಯೇ ಪ್ರಶ್ನೆ.

“ಹಬ್ಬದ ದಿನ ಬಂತು, ಆದರೆ ಹೊಲದಲ್ಲಿ ತೆನೆಯೇ ಬಂದಿಲ್ಲ ಅಂದರೆ ಏನು ಮಾಡುತ್ತಿದ್ದರು?” ಎಂದು ಕೇಳಿದರು.

ರೋಸ್ಲಿನ್‌ಗೆ ಗೊತ್ತಿರಲಿಲ್ಲ. ಹುಟ್ಟಿದಾಗಿನಿಂದ ಎಣಿಸುತ್ತಿದ್ದೇನೆ, ಹೊಲದಲ್ಲಿ ನಿಂತ ಬಾರ್ಲಿಯನ್ನು ಒಂದು ಸಲವೂ ನೋಡಿಲ್ಲ ಎಂದರು.

ಸೆಂಟರ್‌ವಿಲ್ ಕಡೆಯ ಸಮುದಾಯ ತೋಟದಲ್ಲಿ ಜಾನಕಿಗೆ ಬಾಡಿಗೆಗೆ ಪಡೆದ ಒಂದು ಪಾತಿಯಿತ್ತು. ಬೇಸಿಗೆಯಲ್ಲಿ ಮೆಂತ್ಯ, ಬದನೆ, ಹೀರೇಕಾಯಿ ಬೆಳೆಯುತ್ತಿದ್ದರು. ಆ ಅಕ್ಟೋಬರಿನಲ್ಲಿ ಹೊಟ್ಟು ಸುಲಭವಾಗಿ ಬಿಡುವ ಬಾರ್ಲಿಯ ಬೀಜ ತರಿಸಿ ಪಾತಿಯ ತುಂಬ ಬಿತ್ತಿದರು. ಕೃಷ್ಣಪ್ರಸಾದರಿಗೆ ಅರ್ಥವಾಗಲಿಲ್ಲ.

“ಬಾರ್ಲಿ ಬೇಕಾದರೆ ಪಟೇಲ್ ಅಂಗಡೀಲಿ ಪ್ಯಾಕೆಟ್ ಸಿಗುತ್ತಲ್ಲ, ಡ್ರೈವ್ ಮಾಡ್ಕೊಂಡು ಹೋಗಿ ತರ್ತೀನಿ,” ಎಂದರು.

“ತಿನ್ನೋಕಲ್ಲ ರೀ. ಯಾವಾಗ ತೆನೆ ಬರುತ್ತೆ ಅಂತ ನೋಡ್ಬೇಕು.”

ಚಳಿಗಾಲವಿಡೀ ಹಸಿರು ಗರಿಗಳು ಮಂಜಿನಡಿ ಮಲಗಿದ್ದು, ಮಾರ್ಚಿನಲ್ಲಿ ಎದ್ದು ನಿಂತವು. ಆದರೆ ೨೦೨೩ರ ಪಾಸೋವರ್ ಏಪ್ರಿಲ್ ಮೊದಲ ವಾರದಲ್ಲೇ ಬಂದುಬಿಟ್ಟಿತು. ಜಾನಕಿ ತೋಟಕ್ಕೆ ಹೋಗಿ ಒಂದು ದಂಟನ್ನು ಉಗುರಿನಿಂದ ಸೀಳಿ ನೋಡಿದರು. ತೆನೆ ಹೊರಬರುವುದಿರಲಿ, ಒಳಗೂ ಕಾಳಿನ ಸುಳಿವಿರಲಿಲ್ಲ. ಇನ್ನು ಕೆಲವು ವಾರ ಕಾಯೋಣ ಎಂದುಕೊಂಡರೆ, ತಿಂಗಳ ಕೊನೆಗೆ ತೋಟದ ಸ್ವಚ್ಛತಾ ದಿನ ಬಂತು. ಕೆಲಸಕ್ಕೆ ಬಂದಿದ್ದ ಒಬ್ಬ ಸ್ವಯಂಸೇವಕ, ಯಾರೋ ಪಾತಿ ಬಿಟ್ಟುಹೋಗಿದ್ದಾರೆ, ಹುಲ್ಲು ಬೆಳೆದಿದೆ ಎಂದು ತಿಳಿದು ಮಷಿನ್ ಹಾಕಿ ಎಲ್ಲವನ್ನೂ ನುಣ್ಣಗೆ ಕತ್ತರಿಸಿಬಿಟ್ಟ. ಮರುದಿನ ಜಾನಕಿ ಹೋಗಿ ನೋಡಿದಾಗ ಉಳಿದದ್ದು ಕೂಳೆ ಮಾತ್ರ. ಆತ ಕ್ಷಮೆ ಕೇಳಿದ, ಅದು ಬೆಳೆಯೆಂದು ತನಗೆ ಹೊಳೆಯಲೇ ಇಲ್ಲ ಎಂದ. ಅವನನ್ನು ಬೈಯುವ ಹಾಗೂ ಇರಲಿಲ್ಲ. ಜಾನಕಿ ಮನೆಗೆ ಬಂದವರೇ ಊಟ ಬೇಡವೆಂದು ಹೇಳಿ ಮಲಗಿದರು. ಅರವತ್ತೆಂಟರ ವಯಸ್ಸಿನಲ್ಲಿ ಒಂದು ಹಿಡಿ ಹುಲ್ಲಿಗೆ ಇಷ್ಟು ಸಂಕಟವಾಗುತ್ತದಲ್ಲ ಎಂದು ಅವರಿಗೇ ಆಶ್ಚರ್ಯವಾಯಿತು.

ಉತ್ತರ ಸಿಕ್ಕಿದ್ದು ಜುಲೈಯಲ್ಲಿ. ಶ್ರಾವಣದ ವ್ರತಗಳು ಯಾವಾಗ ಎಂದು ನೋಡಲು ಜಾನಕಿ ಫೋನಿನಲ್ಲಿ ಪಂಚಾಂಗ ತೆರೆದಾಗ, ಆ ವರ್ಷ ಶ್ರಾವಣ ಅಧಿಕ ಮಾಸ ಎಂದಿತ್ತು. ಡೆಕ್ ಮೇಲೆ ಅದನ್ನು ಓದಿ ಹೇಳಿದಾಗ, ಹಾಗೆಂದರೇನು ಎಂದು ರೋಸ್ಲಿನ್ ಕೇಳಿದರು. ಚಂದ್ರನ ತಿಂಗಳುಗಳು ಋತುವಿಗಿಂತ ಮುಂದೆ ಓಡದಿರಲೆಂದು ಆಗಾಗ ಒಂದು ತಿಂಗಳು ಹೆಚ್ಚಿಗೆ ಸೇರಿಸುತ್ತಾರೆ ಎಂದು ಜಾನಕಿ ವಿವರಿಸಿದರು. ರೋಸ್ಲಿನ್ ಬೆರಳು ಮಡಚಿ ತಿಂಗಳು ಲೆಕ್ಕ ಹಾಕಿದರು. ನಮ್ಮಲ್ಲೂ ಒಂದು ತಿಂಗಳು ಸೇರಿಸುತ್ತೇವೆ, ಬರುವ ಚಳಿಗಾಲದಲ್ಲೇ ಸೇರುತ್ತದೆ ಎಂದರು. ಆ ವಾರ ತಮ್ಮ ಧರ್ಮಗುರು ರಬ್ಬಿಯನ್ನು ಕೇಳಿಕೊಂಡು ಬಂದು, ಹೊಸ ಸುದ್ದಿ ತಂದ ಹುಡುಗಿಯ ಹಾಗೆ ಹೇಳಿದರು: ಹಿಂದಿನ ಕಾಲದಲ್ಲಿ ಹಿರಿಯರು ಹೊಲಗಳ ಸ್ಥಿತಿಯನ್ನೂ ವಿಚಾರಿಸುತ್ತಿದ್ದರು. ಬಾರ್ಲಿ ಇನ್ನೂ ಎಳೆಯದಾಗಿದ್ದರೆ, ತಿಂಗಳು ಸೇರಿಸಲು ಅದೂ ಒಂದು ಕಾರಣವಾಗುತ್ತಿತ್ತು.

“ಅಂದರೆ ತೆನೆಗಾಗಿ ಹಬ್ಬವೇ ಕಾಯುತ್ತಿತ್ತು!” ಎಂದರು ಜಾನಕಿ.

“ಹೌದು. ನಾನು ಇಷ್ಟು ವರ್ಷ ಕ್ಯಾಲೆಂಡರ್ ನೋಡಿಕೊಂಡು ಎಣಿಸಿದೆ. ಅವರು ಹೊಲ ನೋಡಿಕೊಂಡು ಎಣಿಸುತ್ತಿದ್ದರು.”

ಮತ್ತೆ ಅಕ್ಟೋಬರ್ ಬಂದಾಗ ಜಾನಕಿ ಮತ್ತೆ ಬಿತ್ತಿದರು. ಈ ಸಲ ಕೃಷ್ಣಪ್ರಸಾದರೇ ಒಂದು ಹಲಗೆಗೆ ಬಣ್ಣ ಬಳಿದು, ಇದು ಬೆಳೆ, ಕತ್ತರಿಸಬೇಡಿ ಎಂದು ಬರೆದು ನೆಟ್ಟುಬಂದರು. ೨೦೨೪ರಲ್ಲಿ ಪಾಸೋವರ್ ಬಂದದ್ದು ಏಪ್ರಿಲ್ ಮೂರನೆಯ ವಾರ ಕಳೆದ ಮೇಲೆ. ಹಬ್ಬದ ಹಿಂದಿನ ದಿನ ತೋಟಕ್ಕೆ ಹೋದಾಗ ಪಾತಿಯ ದಕ್ಷಿಣದ ಅಂಚಿನಲ್ಲಿ ಉದ್ದ ಮೀಸೆಯ ಹಸಿರು ತೆನೆಗಳು ಹೊರಬಂದು ನಿಂತಿದ್ದವು. ಕಾಳು ಕಟ್ಟಿರಲಿಲ್ಲ, ಆದರೆ ತೆನೆ ತೆನೆಯೇ.

ಹಬ್ಬದ ಎರಡನೆಯ ಸಂಜೆ ಜಾನಕಿ ಒಂದು ಹಿಡಿ ತೆನೆ ಕೊಯ್ದುಕೊಂಡು ಹೋಗಿ ರೋಸ್ಲಿನ್ ಮನೆಯ ಬೆಲ್ ಒತ್ತಿದರು. ಬಾಗಿಲು ತೆರೆದ ರೋಸ್ಲಿನ್ ತೆನೆಗಳನ್ನು ನೋಡಿ ಒಂದು ಹೆಜ್ಜೆ ಹಿಂದೆ ಸರಿದರು. ಏನೋ ತಪ್ಪು ಮಾಡಿದೆನೆಂದು ಜಾನಕಿ ಅಂದುಕೊಂಡರು. ತಪ್ಪೇನಿಲ್ಲ, ಆದರೆ ಹಬ್ಬದ ವಾರ ಹುಳಿಯಬಲ್ಲ ಧಾನ್ಯ ಯಾವುದನ್ನೂ ಮನೆಯಲ್ಲಿ ಇಡುವುದಿಲ್ಲ, ಹಸಿ ತೆನೆಗೆ ಈ ನಿಯಮ ಇದೆಯೋ ಇಲ್ಲವೋ ತನಗೆ ಗೊತ್ತಿಲ್ಲ ಎಂದು ರೋಸ್ಲಿನ್ ಹೇಳಿದರು. ಹೇಳುತ್ತಲೇ ಅವರಿಗೆ ನಗು ಬಂತು. ಬಾರ್ಲಿಯ ಹಬ್ಬದ ದಿನವೇ ಬಾರ್ಲಿಗೆ ಮನೆಯೊಳಗೆ ಜಾಗವಿಲ್ಲ. ಕೋಟು ಹಾಕಿಕೊಂಡು ತಾವೇ ಹೊರಗೆ ಬಂದರು.

ಮೆಟ್ಟಿಲ ಮೇಲೆ ನಿಂತು ತೆನೆಗಳನ್ನು ಕೈಯಲ್ಲಿ ಹಿಡಿದರು, ಮೀಸೆಗಳನ್ನು ಕೆನ್ನೆಗೆ ಒತ್ತಿಕೊಂಡರು. ಪುರೋಹಿತ ಇದನ್ನು ದೇವರ ಮುಂದೆ ಆಡಿಸುತ್ತಿದ್ದನೆಂದು ಗ್ರಂಥದಲ್ಲಿದೆ, ಹೇಗೆ ಆಡಿಸುತ್ತಿದ್ದನೋ ಎಂದರು. ನಮ್ಮಲ್ಲಿ ದೃಷ್ಟಿ ತೆಗೆಯುವಾಗ ನಿವಾಳಿಸಿದ ಹಾಗೋ, ಮೊರದಲ್ಲಿ ಕೇರಿದ ಹಾಗೋ ಎಂದು ಜಾನಕಿ ಎರಡನ್ನೂ ಕೈಯಲ್ಲಿ ಮಾಡಿ ತೋರಿಸಿದರು. ರೋಸ್ಲಿನ್ ಮೊದಲು ಮುಂದಕ್ಕೆ ಹಿಂದಕ್ಕೆ, ಆಮೇಲೆ ಮೇಲಕ್ಕೆ ಕೆಳಕ್ಕೆ ಆಡಿಸಿ ನೋಡಿದರು. ನಾಯಿ ಕರೆದುಕೊಂಡು ಹೋಗುತ್ತಿದ್ದ ಎದುರುಮನೆಯಾತ ನಿಂತು ನೋಡಿ, ಕೈಬೀಸಿ ಮುಂದೆ ಹೋದ. ಆಮೇಲೆ ರೋಸ್ಲಿನ್ ಅಲ್ಲೇ ನಿಂತು, ಆ ವರ್ಷದ ಎಣಿಕೆಯ ಮೊದಲ ದಿನವನ್ನು ಹೇಳಿದರು.

ಮೇ ತಿಂಗಳ ಮಧ್ಯಕ್ಕೆ ಕಾಳು ಬಲಿಯತೊಡಗಿ, ಉಗುರೊತ್ತಿದರೆ ಕಲಸಿದ ಹಿಟ್ಟಿನ ಹಾಗೆ ಮೆತ್ತಗಾಗಿತ್ತು. ಚಿಕ್ಕವರಿದ್ದಾಗ ಹೊಲದಲ್ಲಿ ಕೆಂಡದ ಮೇಲೆ ಎಳೆಯ ಜೋಳದ ತೆನೆ ಸುಟ್ಟು, ಬಡಿದು, ಬಿಸಿಬಿಸಿ ಸೀತೆನಿ ತಿಂದದ್ದು ಜಾನಕಿಗೆ ನೆನಪಾಯಿತು. ತೆನೆಗಳನ್ನು ಡೆಕ್ಕಿನ ಗ್ರಿಲ್ ಮೇಲೆ ಸುಟ್ಟು, ಟವೆಲಿನಲ್ಲಿ ಸುತ್ತಿ ಉಜ್ಜಿ, ಊದಿ ಹೊಟ್ಟು ಹಾರಿಸಿದರು. ಪಕ್ಕದಲ್ಲಿ ಬೆಲ್ಲ, ಶೇಂಗಾ ಚಟ್ನಿಪುಡಿ ಇಟ್ಟು ರೋಸ್ಲಿನ್ ಅವರನ್ನು ಕರೆದರು. ಬೆಂಕಿಯಲ್ಲಿ ಹುರಿದ ಹಸಿ ತೆನೆಯ ನೈವೇದ್ಯದ ಮಾತು ತಮ್ಮ ಗ್ರಂಥದಲ್ಲೂ ಇದೆ ಎಂದು ರೋಸ್ಲಿನ್ ಹೇಳಿದರು. ಹೊಸದಕ್ಕೆ ಹೇಳುವ ಒಂದು ಚಿಕ್ಕ ಪ್ರಾರ್ಥನೆ ಹೇಳಿ, ನಾಲ್ಕು ಕಾಳು ಬಾಯಿಗೆ ಹಾಕಿಕೊಂಡು ಬಹಳ ಹೊತ್ತು ಅಗಿದರು.

“ಸಿಹಿ ಇದೆ,” ಎಂದರು. “ಇದು ಸಿಹಿ ಇರುತ್ತದೆ ಅಂತ ನನಗೆ ಯಾರೂ ಹೇಳಿರಲಿಲ್ಲ.”

ಜೂನಿನಲ್ಲಿ ಉಳಿದ ಬೆಳೆ ಹೊಂಬಣ್ಣಕ್ಕೆ ತಿರುಗಿತು. ಕೊಯ್ಯಲು ಹೊರಟಾಗ ರೋಸ್ಲಿನ್ ತಮ್ಮ ಗ್ರಂಥದ ಒಂದು ಮಾತು ಹೇಳಿದರು: ಹೊಲದ ಮೂಲೆಯನ್ನು ಕೊಯ್ಯಬಾರದು, ಅದು ಬಡವರಿಗೆ ಮತ್ತು ಪರದೇಶಿಗಳಿಗೆ. ಇಲ್ಲಿ ಯಾರು ಬರುತ್ತಾರೆ ಎಂದುಕೊಳ್ಳುತ್ತಲೇ ಜಾನಕಿ ಒಂದು ಮೂಲೆ ಬಿಟ್ಟರು. ಒಂದು ವಾರ ಗುಬ್ಬಚ್ಚಿಗಳು ಬಂದವು. ಆಮೇಲೊಂದು ಬೆಳಿಗ್ಗೆ, ಮೂರು ಪಾತಿ ಆಚೆ ಮೆಣಸಿನಕಾಯಿ ಬೆಳೆಯುತ್ತಿದ್ದ ಇಥಿಯೋಪಿಯದ ಅಲ್ಮಾಜ್ ಹತ್ತಿರ ಬಂದರು. ಹತ್ತಿರದ ಡಲ್ಲೆಸ್ ವಿಮಾನ ನಿಲ್ದಾಣದಲ್ಲಿ ಕೆಲಸ ಮಾಡುವ ನಡುವಯಸ್ಸಿನ ಹೆಂಗಸು. ಅದುವರೆಗೆ ನಗುವಿನಷ್ಟೇ ಪರಿಚಯ. ಆ ಮೂಲೆಯದು ನಿಮಗೆ ಬೇಡವಾದರೆ ನಾನು ಕೊಯ್ದುಕೊಳ್ಳಲೇ ಎಂದು ಸಂಕೋಚದಿಂದ ಕೇಳಿದರು. ಅವರ ಊರಲ್ಲಿ ಮನೆಮನೆಯ ಧಾನ್ಯ ಅದೇ. ಇಲ್ಲಿಗೆ ಬಂದ ಮೇಲೆ ನಿಂತ ಪೈರು ಕಂಡದ್ದು ಇದೇ ಮೊದಲಂತೆ.

ಕೊಯ್ದುಕೊಳ್ಳಿ ಎನ್ನುವುದಕ್ಕೂ ಮೊದಲು ಜಾನಕಿ ಕೇಳಿದ್ದು ಅದರಿಂದ ಏನು ಮಾಡುತ್ತೀರಿ ಎಂದು. ಹುರಿದು ತಿನ್ನುತ್ತೇವೆ, ಅದಕ್ಕೆ ಕೋಲೋ ಅನ್ನುತ್ತೇವೆ ಎಂದರು ಅಲ್ಮಾಜ್. ಮುಂದಿನ ಭಾನುವಾರ ಚರ್ಚ್ ಮುಗಿಸಿ, ಅಲ್ಲಿಗೆ ಹೊದ್ದಿದ್ದ ಬಿಳಿಯ ಮೇಲುಹೊದಿಕೆಯಲ್ಲೇ, ಒಂದು ಡಬ್ಬಿ ತುಂಬ ಹುರಿದ ಬಾರ್ಲಿಯ ಜೊತೆ ಶೇಂಗಾ ಬೆರೆಸಿ ಜಾನಕಿಯ ಮನೆಗೆ ತಂದರು. ರೋಸ್ಲಿನ್ ಸೇರಿ ಮೂವರೂ ಡೆಕ್ ಮೇಲೆ ಕುಳಿತರು. ಹೊಸ ಬಾರ್ಲಿಯನ್ನು ಮೊದಲು ಯಾರಿಗೆ ಕೊಡುತ್ತೀರಿ, ಎಣಿಸುವುದುಂಟೇ, ತಿಂಗಳು ಸೇರಿಸುವುದುಂಟೇ ಎಂದು ರೋಸ್ಲಿನ್ ಒಂದರ ಮೇಲೊಂದು ಪ್ರಶ್ನೆ ಹಾಕುತ್ತಿದ್ದರು. ನಮ್ಮ ವರ್ಷಕ್ಕೆ ಹದಿಮೂರು ತಿಂಗಳು ಎಂದು ಅಲ್ಮಾಜ್ ಅಂದಾಗ, ಜಾನಕಿ ಕುರ್ಚಿಯನ್ನು ಹತ್ತಿರ ಎಳೆದುಕೊಂಡು, ಅದು ಹೇಗೆ, ಮೊದಲಿನಿಂದ ಹೇಳಿ ಎಂದರು.