ಎರಡನೇ ಸಲ ಯಾರೂ ಕೇಳಲಿಲ್ಲ

ಭುವನೇಶ್ವರಿಗೆ ಲಂಡನ್ನಿನ ಅಂಚಿನಲ್ಲಿರುವ ಸಟನ್ನಿನ ಹತ್ತಿರದ ಆಸ್ಪತ್ರೆಯೊಂದರಲ್ಲಿ ರಕ್ತ ತೆಗೆಯುವ ಕೆಲಸ. ಬೆಣ್ಣೆಯಲ್ಲಿ ಕೂದಲು ತೆಗೆದಷ್ಟು ನಯವಾಗಿ ಸೂಜಿ ಹಾಕುತ್ತಾಳೆ ಎಂದು ಇಪ್ಪತ್ತೆರಡು ವರ್ಷದಿಂದ ಅವಳಿಗೆ ಹೆಸರಿದೆ. ಅಳುವ ಮಕ್ಕಳನ್ನೆಲ್ಲ ಅವಳ ಕುರ್ಚಿಗೇ ಕಳಿಸುತ್ತಾರೆ, ಏಕೆಂದರೆ ಅವಳ ಬಾಯಲ್ಲಿ ಕತೆಗಳಿವೆ. ಧಾರವಾಡದ ಒಬ್ಬ ಅಕ್ಕ, ಒಬ್ಬ ತಮ್ಮ. ಮಾವಿನಕಾಯಿ ಕದಿಯಲು ಹೋಗಿ ಸಿಕ್ಕಿಬಿದ್ದದ್ದು, ಮೇಷ್ಟ್ರ ಚಪ್ಪಲಿ ಬಚ್ಚಿಟ್ಟದ್ದು. ಕತೆ ಮುಗಿಯುವಷ್ಟರಲ್ಲಿ ತೋಳಿಗೆ ಹತ್ತಿ ಅಂಟಿಸಿ ಆಗಿರುತ್ತದೆ.

"ಬರ್ದಿಡೇ ಇದನ್ನ, ಸುಮ್ನೆ ಗಾಳಿಗೆ ಹೋಗ್ತಿದೆ" ಎಂದು ಗಂಡ ಸತ್ಯಪ್ರಕಾಶ ಹೇಳಿದ. ಅವನು ಮೈಸೂರಿನವನು, ಅರಿವಳಿಕೆ ಕೊಡುವ ಡಾಕ್ಟರು. ಜನರನ್ನು ಮಲಗಿಸುವವನಿಗೆ ಹೆಂಡತಿಯ ಕತೆ ಕೇಳುತ್ತ ಎಚ್ಚರವಿರುವ ಚಪಲ. ಅವಳು ಊಟದ ವಿರಾಮದಲ್ಲಿ, ಟ್ರೇನಿನಲ್ಲಿ, ಇಂಗ್ಲಿಷಿನಲ್ಲಿ ಬರೆದಳು. ನಾಲ್ಕು ವರ್ಷ ಹಿಡಿಯಿತು. ಸಣ್ಣ ಪ್ರಕಾಶಕರೊಬ್ಬರು ಅಚ್ಚು ಹಾಕಿದರು, ಹಿಂಬದಿಯಲ್ಲಿ ಅವಳ ಫೋಟೋ ಕೆಳಗೆ 'ಬ್ರಿಟಿಷ್ ಲೇಖಕಿ' ಎಂದು ಬರೆದರು. ಅದನ್ನು ಓದಿ ಅವಳಿಗೇ ನಗು ಬಂತು.

ಆದರೆ ಪುಸ್ತಕದಲ್ಲಿ, ಸೂಜಿ ಹಿಡಿದಾಗ ಯಾವ ಮಗುವಿಗೂ ಹೇಳದ ಒಂದು ಅಧ್ಯಾಯವಿತ್ತು. ಮೂರನೆಯದು. ಉಳಿದದ್ದೆಲ್ಲ ಅದನ್ನು ಹೇಳುವ ಧೈರ್ಯಕ್ಕಾಗಿ ಬರೆದದ್ದು.

ಅವಳಿಗೆ ಆಗ ಹನ್ನೊಂದು ವರ್ಷ, ತಮ್ಮ ಅಚಿಂತ್ಯನಿಗೆ ಆರು. ಹುಡುಗನ ಎದೆ ಹುಟ್ಟಿನಿಂದಲೇ ದುರ್ಬಲ. ಶಾಲೆ ಬಿಟ್ಟ ಮೇಲೆ ಅವನನ್ನು ಮನೆಗೆ ಕರೆತರುವುದು ಅಕ್ಕನ ಕೆಲಸ. ಆ ದಿನ ಗೆಳತಿಯ ಮನೆಗೆ ಟೇಪ್ ರೆಕಾರ್ಡರ್ ಬಂದಿತ್ತು. ತನ್ನ ದನಿಯನ್ನು ತಾನೇ ಕೇಳುವ ಹುಚ್ಚು. "ಈ ಗಿಡದ ಕೆಳಗ ನಿಂದರು, ನಾ ಬರೋ ತನಕಾ ಅಲ್ಲಾಡಬ್ಯಾಡ" ಎಂದು ತಮ್ಮನನ್ನು ಶಾಲೆಯ ಬೇವಿನ ಮರದ ಕೆಳಗೆ ನಿಲ್ಲಿಸಿ ಓಡಿದಳು. ಮಳೆ ಬಂತು. ಶಾಲೆಯ ಪಡಸಾಲೆ ಹತ್ತೇ ಹೆಜ್ಜೆ ದೂರದಲ್ಲಿತ್ತು. ಅವಳು ಒಂದು ಗಂಟೆಯ ಮೇಲೆ ಬಂದು ನೋಡಿದರೆ ಅವನು ಅಲ್ಲಾಡಿರಲಿಲ್ಲ. ಜವಾನನ ಒಲೆಯ ಮುಂದೆ ಅಂಗಿ ಒಣಗಿಸಿ, ತನ್ನ ಲಂಗದಿಂದ ತಲೆ ಒರೆಸಿ, "ಅವ್ವಗ ಹೇಳಬ್ಯಾಡ" ಎಂದು ಆಣೆ ಹಾಕಿಸಿಕೊಂಡಳು. ಹುಡುಗ ಒಂಬತ್ತು ದಿನ ಜ್ವರದಲ್ಲಿ ಬೇಯುತ್ತಿದ್ದರೂ ಬಾಯಿ ಬಿಡಲಿಲ್ಲ. ಹತ್ತನೇ ದಿನ ಹೋಗಿಬಿಟ್ಟ.

ಅವಳೂ ಬಾಯಿ ಬಿಡಲಿಲ್ಲ. ನಲವತ್ತೇಳು ವರ್ಷವಾಯಿತು. ಇಂಗ್ಲಿಷಿನಲ್ಲಿ ಬರೆದದ್ದು ಒಂದು ಲೆಕ್ಕಕ್ಕೆ ಹೇಡಿತನವೇ. ಯಾರಿಗೆ ಹೇಳಬೇಕೋ ಆ ತಾಯಿ ಸುಶೀಲಾಬಾಯಿಗೆ ಇಂಗ್ಲಿಷಿನ ಒಂದಕ್ಷರವೂ ಬರದು.

ಪುಸ್ತಕ ಹೇಗೋ ಜಪಾನೀ ಭಾಷೆಗೆ ಹೋಯಿತು. ಅಲ್ಲಿಯ ಒಂದು ಸ್ಟುಡಿಯೋ ಅದನ್ನು ಆನಿಮೆ ಮಾಡುತ್ತೇವೆಂದು ಬರೆಯಿತು. ಆನಿಮೆ ಎಂದರೆ ಅವರ ಬರೆದ ಚಿತ್ರಗಳ ಸಿನಿಮಾ, ಜಗತ್ತಿನ ಮಕ್ಕಳೆಲ್ಲ ಕಣ್ಣು ಕೀಳದೆ ನೋಡುವಂಥದ್ದು. ಮಗಳು ಗಾರ್ಗಿ ಸೋಫಾ ಮೇಲೆ ಕುಣಿದಳು. ಭುವನೇಶ್ವರಿಗೆ ಹೊಳೆದದ್ದು ಬೇರೆ. ಚಿತ್ರಕ್ಕೆ ಭಾಷೆ ಬೇಕಿಲ್ಲ. ಅವ್ವ ಕಣ್ಣಾರೆ ನೋಡುತ್ತಾಳೆ, ಮರದ ಕೆಳಗೆ ನಿಲ್ಲಿಸಿ ಓಡಿದ ಹುಡುಗಿ ಯಾರೆಂದು ತಾನೇ ತಿಳಿದುಕೊಳ್ಳುತ್ತಾಳೆ. ನಾನು ಬಾಯಿ ತೆರೆಯುವ ಪ್ರಸಂಗವೇ ಬರುವುದಿಲ್ಲ. ಸಿನಿಮಾ ಮುಗಿಯುವ ಹೊತ್ತಿಗೆ ಸರಿಯಾಗಿ ತಾಯಿಗೆ ಆರು ತಿಂಗಳ ವೀಸಾ ಮಾಡಿಸಬೇಕು ಎಂದು ಅಂದೇ ನಿಶ್ಚಯಿಸಿದಳು.

ಅಷ್ಟರಲ್ಲಿ ಅವಳ ಪುಸ್ತಕದ ವ್ಯವಹಾರ ನೋಡಿಕೊಳ್ಳುವ ಏಜೆಂಟ್ ಹೆಲೆನ್ ಮೂಲಕ ಸ್ಟುಡಿಯೋದವರ ಪತ್ರ ಬಂತು. ಬಹಳ ವಿನಯದ ಪತ್ರ. ಮೂರನೆಯ ಅಧ್ಯಾಯದಲ್ಲಿ ಅಕ್ಕ ತಮ್ಮನನ್ನು ಬಿಟ್ಟು ಹೋಗುತ್ತಾಳಲ್ಲ, ಅದನ್ನು ಸ್ವಲ್ಪ ಬದಲಿಸಬಹುದೇ? ಮಕ್ಕಳು ಅವಳನ್ನು ದ್ವೇಷಿಸಿಬಿಟ್ಟಾರು. ಲೇಖಕಿಗೆ ಮನಸ್ಸಿಲ್ಲದಿದ್ದರೆ ಖಂಡಿತ ಮುಟ್ಟುವುದಿಲ್ಲ.

ಇಲ್ಲಿ ಓದುಗರು ಧಾರವಾಡದವರ ಒಂದು ರೀತಿಯನ್ನು ತಿಳಿದಿರಬೇಕು. ಅಲ್ಲಿ ಯಾರ ಮನೆಗೆ ಹೋದರೂ ಮೊದಲ ಸಲ ಚಹಾ ಬೇಡವೇ ಬೇಡ. "ಈಗಷ್ಟ ಕುಡದ ಬಂದೇನ್ರಿ." ಎರಡನೇ ಸಲ "ಯಾಕ ತ್ರಾಸ ತಗೋತೀರಿ." ಮೂರನೇ ಸಲ ಕಪ್ಪು ಕೈಗೆ ಬರುತ್ತದೆ. ಮೊದಲನೇ ಮಾತನ್ನು ಮಾತೆಂದು ಹಿಡಿಯುವವನು ಅಲ್ಲಿ ಮನುಷ್ಯನೇ ಅಲ್ಲ. ಆ ಅಧ್ಯಾಯ ಬದಲಾಗುವುದು ಭುವನೇಶ್ವರಿಗೆ ಸುತರಾಂ ಬೇಡವಾಗಿತ್ತು. ಆದರೂ ಅಷ್ಟು ದೊಡ್ಡ ಜನ, ಅಷ್ಟು ಬಾಗಿ ಕೇಳಿದ್ದಾರೆ. ಒಮ್ಮೆಗೇ ಬೇಡ ಎಂದರೆ ಹೇಗೆ? "ನನ್ನದೇನೂ ಅಭ್ಯಂತರವಿಲ್ಲ, ನಿಮಗೆ ಸರಿ ಕಂಡಂತೆ ಮಾಡಿ" ಎಂದು ಬರೆದಳು. ಇನ್ನೊಂದು ಸಲ ಕೇಳಿಯೇ ಕೇಳುತ್ತಾರೆ, ಆಗ ಮನಸ್ಸಿನಲ್ಲಿರುವುದನ್ನು ಹೇಳಿದರಾಯಿತು.

ವಾರವಾಯಿತು, ತಿಂಗಳಾಯಿತು. ಪತ್ರ ಬರಲಿಲ್ಲ. ಬದಲಿಗೆ ಒಂದು ಡಬ್ಬಿ ಸಿಹಿ ಬಂತು, ಜೊತೆಗೆ ಧನ್ಯವಾದದ ಚೀಟಿ. "ಸೋ ಪೊಲೈಟ್!" ಎಂದು ಗಾರ್ಗಿ ಎರಡು ಬಾಯಿಗೆ ಹಾಕಿಕೊಂಡಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ತಾನಾಗಿ ಬರೆಯಲು ಭುವನೇಶ್ವರಿಗೆ ನಾಚಿಕೆ. ಕೊಟ್ಟ ಮಾತನ್ನು ಹಿಂತೆಗೆದುಕೊಳ್ಳುವುದು ಹೇಗೆ ಎಂದು ನಾಳೆ ನಾಳೆ ಎನ್ನುತ್ತ ವರ್ಷ ಕಳೆದಳು.

ಸಿನಿಮಾ ಬಿಡುಗಡೆಗೆ ಎರಡು ತಿಂಗಳಿರುವಾಗ ಲಂಡನ್ನಿನ ಒಂದು ಲೈಬ್ರರಿಯಲ್ಲಿ ಸಭೆ ಏರ್ಪಟ್ಟಿತು. ಪುಸ್ತಕ ಆನಿಮೆ ಆಗಿರುವ ಪಾಶ್ಚಾತ್ಯ ಲೇಖಕರು ತಮಗೆ ಏನನ್ನಿಸಿತು ಎಂದು ಹೇಳಬೇಕು. ಸ್ಕಾಟ್‌ಲೆಂಡಿನ ಒಬ್ಬ ಗಡ್ಡದವನ ಮುದಿ ಪತ್ತೇದಾರನನ್ನು ಅವರು ಹದಿನಾರರ ಹುಡುಗಿ ಮಾಡಿದ್ದರಂತೆ. "ಒಂದು ವಾರ ಕುಡಿದೆ, ಆಮೇಲೆ ನನಗೂ ಅವಳೇ ಇಷ್ಟವಾದಳು" ಎಂದು ಅವನು ಎಲ್ಲರನ್ನೂ ನಗಿಸಿದ. ಪಕ್ಕದಲ್ಲಿದ್ದ ವಯಸ್ಸಾದ ಹೆಂಗಸು ನಗಲಿಲ್ಲ. "ನನ್ನ ಕತೆಯಲ್ಲಿ ಸತ್ತವರು ಸತ್ತೇ ಇದ್ದರು. ಅವರನ್ನು ಎಬ್ಬಿಸಿ ಕುಣಿಸಿದ್ದಾರೆ. ನೋಡಿದವರು ಚೆಂದ ಎನ್ನುತ್ತಾರೆ. ನನ್ನ ಹೆಸರು ತೆಗೆಯಿರಿ ಎಂದು ಕೇಳಿಕೊಂಡೆ" ಎಂದಳು. ಭುವನೇಶ್ವರಿಗೆ ಆ ಹೆಂಗಸಿನ ಕೈ ಹಿಡಿದುಕೊಳ್ಳಬೇಕೆನಿಸಿತು. ಮೈಕು ತನ್ನ ಕಡೆ ಬಂದಾಗ ಮಾತ್ರ "ವೆರಿ ಹ್ಯಾಪಿ" ಎಂದಳು. ಜನ ಚಪ್ಪಾಳೆ ತಟ್ಟಿದರು. ತನ್ನ ಮೇಲೇ ಅವಳಿಗೆ ಹೇಸಿಗೆಯಾಯಿತು.

ಹೊರಗೆ ಬಂದು ಹೆಲೆನ್‌ಳನ್ನು ಹಿಡಿದು ಕೊನೆಗೂ ಕೇಳಿದಳು. ಆ ಅಧ್ಯಾಯವನ್ನು ಇದ್ದ ಹಾಗೆಯೇ ಇಡಬಹುದೇ?

"ನೀವೇ ಒಪ್ಪಿದ್ದಿರಲ್ಲ?" ಹೆಲೆನ್ ನಿಜಕ್ಕೂ ಗಾಬರಿಯಾದಳು. "ಚಿತ್ರವೆಲ್ಲ ಮುಗಿದಿದೆ. ಬೇಡ ಎಂದು ಒಂದು ಸಾಲು ಬರೆದಿದ್ದರೂ ಅವರು ಮುಟ್ಟುತ್ತಿರಲಿಲ್ಲ."

ತಪ್ಪು ಯಾರ ಮೇಲೆ ಹೊರಿಸುವುದು? ಕೇಳುವವರು ಕೇಳಿದ್ದರು, ಹೇಳುವವಳು ಹೇಳಿರಲಿಲ್ಲ.

ಅಷ್ಟರಲ್ಲಿ ತಾಯಿ ಸಟನ್ನಿಗೆ ಬಂದು ಮೂರು ವಾರವಾಗಿತ್ತು. ಎಂಬತ್ತೆರಡರ ಸುಶೀಲಾಬಾಯಿ ಹೀಟರಿನ ಪಕ್ಕದ ಕುರ್ಚಿ ಹಿಡಿದು, "ಮಗಳ ಸಿನಿಮಾ ಯಾವಾಗ ತೋರಸ್ತೀರಿ?" ಎಂದು ಅಳಿಯನನ್ನು ದಿನಾ ಪೀಡಿಸುತ್ತಿದ್ದಳು. ಸ್ಟುಡಿಯೋದವರು ಮನೆಯಲ್ಲೇ ನೋಡಲು ಒಂದು ಪ್ರತಿ ಕಳಿಸಿದರು. ಭಾನುವಾರ ಮಧ್ಯಾಹ್ನ ಸತ್ಯಪ್ರಕಾಶನಿಗೆ ಡ್ಯೂಟಿ, ಗಾರ್ಗಿ ಊರಲ್ಲಿರಲಿಲ್ಲ. ತಾಯಿ ಮಗಳು ಇಬ್ಬರೇ ಟಿವಿಯ ಮುಂದೆ ಕೂತರು.

ಚೆಂದವಾಗಿತ್ತು. ಅದೇ ಅವಳ ಸಂಕಟ. ಧಾರವಾಡದ ಕೆಂಪು ಮಣ್ಣು, ಹೆಂಚಿನ ಶಾಲೆ, ಬೇವಿನ ಮರ, ಎಲ್ಲವನ್ನೂ ಕಣ್ಣಿಗೆ ಕಟ್ಟುವಂತೆ ಬರೆದಿದ್ದರು. ಮಳೆ ಬಂತು. ಹುಡುಗಿ ಎಲ್ಲಿಗೂ ಓಡಲಿಲ್ಲ. ತಮ್ಮನನ್ನು ಬೆನ್ನಿಗೆ ಹಾಕಿಕೊಂಡು, ಅವನ ತಲೆಗೆ ತನ್ನ ಪಾಟೀಚೀಲ ಹೊದಿಸಿ, ಮಳೆಯಲ್ಲಿ ತಾನು ತೊಯ್ಯುತ್ತ ಮನೆಯತನಕ ನಡೆದಳು. ಆದರೂ ಅವನಿಗೆ ಜ್ವರ ಬಂತು. ಅವನು ಹೋಗುವಾಗ ಅಕ್ಕನ ಬೆರಳು ಹಿಡಿದಿದ್ದ.

ಸುಶೀಲಾಬಾಯಿ ಸೆರಗಿನಿಂದ ಕಣ್ಣೊರೆಸಿಕೊಂಡು ಮಗಳ ತಲೆ ಸವರಿದಳು. "ಎಷ್ಟ ಛಲೋ ನೋಡಕೊಂಡಿದ್ದೆವಾ ನೀ ಅವನ್ನ. ಜಪಾನದವರಿಗೂ ಗೊತ್ತಾತು."

ಆ ಕೈಯನ್ನು ತಲೆಯ ಮೇಲೆ ಇಟ್ಟುಕೊಂಡು ಕೂರಲು ಅವಳಿಂದಾಗಲಿಲ್ಲ. ಕತೆಯಲ್ಲಿ, ಇಂಗ್ಲಿಷಿನಲ್ಲಿ, ಪರದೇಶದವರ ಚಿತ್ರದಲ್ಲಿ ಅಡಗಿಸಿ ಹೇಳಲು ಹೋದದ್ದನ್ನು ಬಾಯಿಂದಲೇ ಹೇಳಿದಳು. "ಅದು ಸುಳ್ಳವ್ವಾ. ನಾ ಅವನ್ನ ಬಿಟ್ಟ ಹೋಗಿದ್ದೆ." ಟೇಪ್ ರೆಕಾರ್ಡರ್, ಮರ, ಒಂದು ಗಂಟೆಯ ಮಳೆ, ಒಲೆ, ಆಣೆ. ಒಂದನ್ನೂ ಬಿಡದೆ ಹೇಳಿದಳು. ಹೇಳಿ ಮುಗಿಸಿ, ಬೈಯಲಿ, ಹೊಡೆಯಲಿ, ಕ್ಷಮಿಸಲಿ, ಏನಾದರೂ ಸರಿ ಎಂದು ಕಾದಳು.

ಸುಶೀಲಾಬಾಯಿ ಟಿವಿಯ ಕಡೆಗೆ ಮುಖ ತಿರುಗಿಸಿದಳು. ಬೈಯಲಿಲ್ಲ.

"ಆ ದಿನಾ ಮುಂಜಾನೆ ನಾ ಅವಗ ತಲಿ ಎರದಿದ್ದೆ" ಎಂದಳು. "ಥಂಡಿ ಅದ, ಎದಿ ನೆಟ್ಟಗಿಲ್ಲ, ಇವತ್ತ ಬ್ಯಾಡಾ ಅಂತ ನಿಮ್ಮ ಅಪ್ಪಾ ಅಂದಿದ್ರು. ನಾ ಕೇಳಲಿಲ್ಲ. ಅದಕ್ಕ ಜ್ವರಾ ಬಂತು, ನಾನ ಕೊಂದೆ ಅಂತ ತಿಳಕೊಂಡ ಇಷ್ಟ ವರ್ಷ ಬದುಕೇನಿ."

"ಅವ್ವಾ..."

"ನಿಮ್ಮ ಅಪ್ಪಾನೂ ಹಂಗ ತಿಳಕೊಂಡಿದ್ರು. ಒಂದ ದಿನಾ ಬಾಯಿ ಬಿಟ್ಟ ಅನ್ನಲಿಲ್ಲ. ಆದ್ರ ಅವತ್ತಿಂದ ಸಾಯೋ ತನಕಾ ನನ್ನ ಮಾರಿ ನೋಡಿ ಮಾತಾಡಲಿಲ್ಲ." ಸುಶೀಲಾಬಾಯಿ ಮಗಳ ಕಡೆ ತಿರುಗಿದಳು. ದನಿಯಲ್ಲಿ ಸಿಟ್ಟಿರಲಿಲ್ಲ, ನಿಜವಾಗಿಯೂ ಗೊತ್ತಿಲ್ಲದ ಒಂದು ವಿಷಯವನ್ನು ವಿಚಾರಿಸುವಂತೆ ಕೇಳಿದಳು. "ಈಗ ಅವರಿಗೆ ಯಾರ ಹೇಳಬೇಕು?"

ಭುವನೇಶ್ವರಿ ತಾಯಿಯ ಕಾಲ ಬಳಿ ನೆಲದ ಮೇಲೆ ಕೂತಳು.