ಫ್ಲ್ಯಾಟ್ ಬುಷ್‌ನಿಂದ ವಾಪಸ್ಸು ಬಂದ ರವಿಕೆ ಕಣ

ಕನ್ನಡ ಕೂಟದ ಅಧ್ಯಕ್ಷ ಸ್ಥಾನಕ್ಕೆ ನಿಲ್ಲುತ್ತೇನೆ ಎಂದು ನನ್ನ ಹೆಂಡತಿ ಹೇಳಿದಾಗ ನಾನು ಮೊದಲು ಕೇಳಿದ್ದು, "ಫ್ಲ್ಯಾಟ್ ಬುಷ್ ಕಥೆ ಏನು?" ಎಂದು. ಆಕ್ಲೆಂಡಿನ ಎಲ್ಲ ಮೂಲೆಯಲ್ಲೂ ನಮ್ಮವರಿದ್ದಾರೆ. ಆದರೆ ಕೂಟದ ಅರ್ಧಕ್ಕಿಂತ ಹೆಚ್ಚು ಮನೆಗಳಿರುವುದು ಪೂರ್ವದ ಆ ಹೊಸ ಬಡಾವಣೆಯಲ್ಲಿ. ಹಾಲಿ ಅಧ್ಯಕ್ಷರೂ ಅಲ್ಲಿಯವರೇ. ಹೊಸದಾಗಿ ಬಂದವರನ್ನು ಏರ್‌ಪೋರ್ಟಿನಿಂದ ಕರೆತರುವುದು, ಬಾಡಿಗೆ ಮನೆ ಹುಡುಕಿಕೊಡುವುದು, ಡ್ರೈವಿಂಗ್ ಟೆಸ್ಟಿಗೆ ತಮ್ಮ ಕಾರನ್ನೇ ಕೊಡುವುದು, ಎಲ್ಲ ಅವರೇ. ಅಂಥವರ ವಿರುದ್ಧ ಅವರದೇ ಬೀದಿಯಲ್ಲಿ ಯಾರು ಕೈ ಎತ್ತುತ್ತಾರೆ? ಪಶ್ಚಿಮದಲ್ಲಿ, ನ್ಯೂ ಲಿನ್ ಸುತ್ತಮುತ್ತ ಇರುವ ನಾವೋ ಬೆರಳೆಣಿಕೆಯ ಮನೆಯವರು.

ಅವಳು ನಿಂತದ್ದು ಕುರ್ಚಿಯ ಆಸೆಗಲ್ಲ. ನ್ಯೂ ಲಿನ್‌ನಲ್ಲಿ ಕೂಟ ಬಾಡಿಗೆಗೆ ಹಿಡಿದಿದ್ದ ಒಂದು ಕೋಣೆಯಲ್ಲಿ ಅವಳು ಎಷ್ಟೋ ವರ್ಷಗಳಿಂದ ಶನಿವಾರ ಬೆಳಿಗ್ಗೆ ಮಕ್ಕಳಿಗೆ ಕನ್ನಡ ಕಲಿಸುತ್ತಿದ್ದಳು. ಆ ಕೋಣೆಯ ಬೀಗದ ಕೈ ಯಾವಾಗಲೂ ಅವಳ ಬ್ಯಾಗಿನಲ್ಲೇ ಇರುತ್ತಿತ್ತು. ಮಕ್ಕಳು ಕಡಿಮೆ ಬರುತ್ತಿದ್ದಾರೆ, ಇನ್ನು ಮುಂದೆ ಆ ತರಗತಿಯನ್ನು ಫ್ಲ್ಯಾಟ್ ಬುಷ್ ತರಗತಿಯೊಂದಿಗೆ ಸೇರಿಸೋಣ ಎಂದು ಸಮಿತಿಯವರು ಮಾತಾಡಿಕೊಂಡರು. ಶನಿವಾರ ನೆಟ್‌ಬಾಲು, ಈಜು ಎಲ್ಲ ಬಿಟ್ಟು ಮೋಟರ್‌ವೇಯಲ್ಲಿ ಅಷ್ಟು ದೂರ ಮಕ್ಕಳನ್ನು ಯಾರು ಕರೆದೊಯ್ಯುತ್ತಾರೆ? ಸೇರಿಸುವುದು ಎಂದರೆ ಮುಚ್ಚುವುದು ಎಂದೇ ಅರ್ಥ. ಅವಳು ಗೆದ್ದರೆ ಕೋಣೆ ಉಳಿಯುತ್ತದೆ, ಸೋತರೆ ಬೀಗದ ಕೈ ಹಿಂದಿರುಗಿಸಬೇಕು.

ಆಫೀಸಿನಲ್ಲಿ ಪಕ್ಕದ ಮೇಜಿನವನು ಇಲ್ಲಿಯೇ ಹುಟ್ಟಿ ಬೆಳೆದವನು, ರಾಜಕೀಯದ ಹುಚ್ಚು ಬೇರೆ. ಎದುರು ಪಾರ್ಟಿಯ ಕೋಟೆಗೆ ಹೋಗಿ ಪೆಟ್ರೋಲು ಸುಡಬೇಡ, ನಿಮ್ಮ ಕಡೆಯವರನ್ನು ಎಬ್ಬಿಸಿ ತಂದರೆ ಸಾಕು ಎಂದ. ನಮ್ಮ ಕಡೆಯವರನ್ನೆಲ್ಲ ಎಬ್ಬಿಸಿ ತಂದರೂ ಒಂದು ವ್ಯಾನು ತುಂಬುವುದಿಲ್ಲ ಎಂದು ಅವನಿಗೆ ಹೇಗೆ ಹೇಳುವುದು?

ಹಾಗಾಗಿ ಭಾನುವಾರಗಳಲ್ಲಿ ಕಾರು ಪೂರ್ವಕ್ಕೆ ತಿರುಗಿತು. ವೋಟು ಕೇಳಲು ಬಂದೆವು ಎಂದು ನಮ್ಮಲ್ಲಿ ಯಾರೂ ಹೇಳುವುದಿಲ್ಲ. "ಸುಮ್ನೆ ಹೀಗೆ ಬಂದಿದ್ವಿ, ನೋಡ್ಕೊಂಡು ಹೋಗೋಣ ಅಂತ" ಎಂದು ಶುರುವಾಗಿ, ಕಾಫಿ, ಕೋಡುಬಳೆ, ಮನೆ ಸಾಲದ ಬಡ್ಡಿ, ಊರಲ್ಲಿರುವ ಅಪ್ಪ ಅಮ್ಮನ ಮಂಡಿನೋವು ಎಲ್ಲ ಮುಗಿದು, ಹೊರಡುವಾಗ ಮನೆಯಾಕೆ ನನ್ನ ಹೆಂಡತಿಗೆ ಅರಿಸಿನ ಕುಂಕುಮ, ಬಾಳೆಹಣ್ಣು, ಒಂದು ರವಿಕೆ ಕಣ ಕೊಟ್ಟ ಮೇಲೆ, ಚಪ್ಪಲಿ ಹಾಕಿಕೊಳ್ಳುತ್ತಾ ಬಾಗಿಲ ಬಳಿ ಆ ವಿಷಯ ಬರಬೇಕು. ಬರುತ್ತಿತ್ತು. "ಅಯ್ಯೋ, ನಿಮಗಲ್ದೆ ಇನ್ಯಾರಿಗೆ ಅಕ್ಕ!" ಎಂದು ಎಲ್ಲರೂ ಹೇಳುತ್ತಿದ್ದರು.

ನನಗೆ ಅನುಮಾನ ಹತ್ತಿದ್ದೇ ಅಲ್ಲಿ. ಒಬ್ಬರಾದರೂ ಇಲ್ಲ ಎಂದಿದ್ದರೆ ಉಳಿದವರನ್ನು ನಂಬುತ್ತಿದ್ದೆ. ಒಂದು ಮನೆಯಲ್ಲಿ ನಾವಿರುವಷ್ಟು ಹೊತ್ತೂ ಗಂಡ ಮಹಡಿಯಿಂದ ಇಳಿಯಲಿಲ್ಲ. ಇನ್ನೊಂದರಲ್ಲಿ ನಾವು ಕೂರುವ ಮೊದಲೇ ಸಿಂಕಿನಲ್ಲಿ ನಾಲ್ಕಾರು ಕಾಫಿ ಲೋಟಗಳಿದ್ದವು. ನಮಗಿಂತ ಮುಂಚೆ ಯಾರು ಬಂದು ಹೋಗಿದ್ದರು? ವಾಪಸ್ಸು ಬರುವಾಗ ಕಾರಿನಲ್ಲಿ ಇದನ್ನೇ ಹೇಳಿದೆ. "ಕಾಫಿ ಕುಡಿದು ಬಂದ ಮನೆ ಮೇಲೂ ಅನುಮಾನಾನೇನ್ರೀ ನಿಮಗೆ?" ಎಂದು ನನ್ನ ಬಾಯಿ ಮುಚ್ಚಿಸಿದಳು.

ಅವಳ ನಂಬಿಕೆಯೆಲ್ಲ ಅಲ್ಲಿಯ ಒಬ್ಬ ಗೆಳತಿಯ ಮೇಲೆ. ಮೊದಲು ನಮಗೆ ಹತ್ತಿರದ ಮೌಂಟ್ ಆಲ್ಬರ್ಟಿನಲ್ಲಿ ಬಾಡಿಗೆಗಿದ್ದು, ಮನೆ ಕೊಂಡು ಫ್ಲ್ಯಾಟ್ ಬುಷ್‌ಗೆ ಹೋದವಳು. ಅವಳ ಮಗಳು ಅ ಆ ಇ ಈ ತಿದ್ದಿದ್ದು ನ್ಯೂ ಲಿನ್‌ನ ಆ ಕೋಣೆಯಲ್ಲೇ. ಹೋದ ದಿನ ದೊಡ್ಡ ಉಪಚಾರ ಮಾಡಿದಳು. "ಸಭೇಲಿ ನಾನ್ ಮೊದಲು ಕೈ ಎತ್ತುತೀನಿ ಅಕ್ಕ. ನನ್ನ ನೋಡಿ ನಮ್ ಬೀದಿ ಹೆಂಗಸ್ರೆಲ್ಲ ಎತ್ತುತಾರೆ, ನೀವ್ ನೋಡ್ತಿರಿ" ಎಂದಳು. ಆಮೇಲೆ ಬೀರು ತೆರೆದು, ಕಣಗಳನ್ನು ತುಂಬಿಟ್ಟಿದ್ದ ಕವರಿನಲ್ಲಿ ಎಲ್ಲಕ್ಕಿಂತ ಮೇಲಿದ್ದ ಒಂದು ಗಿಳಿಹಸಿರು ಕಣ ತೆಗೆದುಕೊಟ್ಟಳು.

ಅಂದು ಸಂಜೆ ನನ್ನ ಹೆಂಡತಿ ಬಂದ ಕಣಗಳನ್ನೆಲ್ಲ ಮಂಚದ ಮೇಲೆ ಹರಡಿಕೊಂಡು ಕೂತಳು. ಒಂದೊಂದು ಕಣವೂ ಅವಳಿಗೆ ಒಂದೊಂದು ವೋಟು. ಗಿಳಿಹಸಿರಿನದನ್ನು ಬಿಚ್ಚಿದಳು. ಮೂಲೆಯಲ್ಲಿ ಅರಿಸಿನದ ಕಲೆ.

"ಇದು ನಂದೇ ಕಣ್ರೀ" ಎಂದಳು.

ಹೋದ ನವರಾತ್ರಿಯಲ್ಲಿ ನಮ್ಮ ಮನೆಗೆ ಗೊಂಬೆ ನೋಡಲು ಅಧ್ಯಕ್ಷರ ಹೆಂಡತಿ ಬಂದಿದ್ದರು. ಇವಳು ಕಣ ಕೊಡುವಾಗ ಅರಿಸಿನದ ಬಟ್ಟಲು ಮಗುಚಿ ಮೂಲೆಗೆ ಕಲೆಯಾಗಿತ್ತು. ಬೇರೆ ಕೊಡುತ್ತೇನೆಂದರೂ ಕೇಳದೆ, "ಅರಿಸಿನ ಅಲ್ವಾ, ಒಳ್ಳೇದೇ ಬಿಡಿ" ಎಂದು ಅದನ್ನೇ ತೆಗೆದುಕೊಂಡು ಹೋಗಿದ್ದರು. ಈ ಕಣಗಳನ್ನು ಯಾರೂ ಹೊಲಿಸುವುದಿಲ್ಲ. ಬೀರುವಿನಲ್ಲಿಟ್ಟು ಮುಂದಿನ ಮುತ್ತೈದೆಗೆ ದಾಟಿಸುತ್ತಾರೆ. ಎಲ್ಲರಿಗೂ ಗೊತ್ತು, ಯಾರೂ ಆಡಿ ತೋರಿಸುವುದಿಲ್ಲ. ಅದಕ್ಕೆ ನನ್ನ ತಕರಾರಿಲ್ಲ. ಆದರೆ ಅಧ್ಯಕ್ಷರ ಮನೆಯಿಂದ ಇದು ಆ ಗೆಳತಿಯ ಬೀರುವಿಗೆ ಹೋದದ್ದು ಯಾವಾಗ?

"ಸಂಕ್ರಾಂತಿಲಿ ಕೊಟ್ಟಿರ್ತಾರೆ" ಎಂದಳು.

"ಸಂಕ್ರಾಂತೀದಾದ್ರೆ ಅಡೀಲಿರ್ಬೇಕಿತ್ತು. ಅವಳು ಹುಡುಕ್ಲೇ ಇಲ್ಲ, ಮೇಲಿಂದ ತೆಗೆದ್ಲು. ಈ ವಾರಾನೇ ಬಂದು ಕುಂಕುಮ ಕೊಟ್ಟು ಹೋಗಿದಾರೆ."

ಬಾಗಿಲಲ್ಲಿ ನಿಂತಿದ್ದ ಮಗಳು, "ಡ್ಯಾಡ್, ಇಟ್ಸ್ ಜಸ್ಟ್ ಕ್ಲಾತ್" ಎಂದು ಹೋದಳು. ಫೋನ್ ಮಾಡಿ ನೇರವಾಗಿ ಕೇಳು ಎಂದು ನಾನು ಪಟ್ಟು ಹಿಡಿದೆ. ಹೆಂಡತಿ ಕಣವನ್ನು ಮಡಿಸುತ್ತಾ, "ಕೇಳಿದ್ರೆ ಅವಳು ಸುಳ್ಳು ಹೇಳ್ಬೇಕಾಗತ್ತೆ. ನಾನ್ಯಾಕೆ ಹೇಳಿಸ್ಲಿ?" ಎಂದಳು. ನನಗೆ ಮೈ ಉರಿದುಹೋಯಿತು.

ಸಭೆ ಫ್ಲ್ಯಾಟ್ ಬುಷ್‌ನ ಒಂದು ಹಾಲಿನಲ್ಲಿ. ಅದೂ ನನಗೆ ಸರಿ ಕಾಣಲಿಲ್ಲ. ಚೀಟಿ ಹಾಕಿ ಮತ ತೆಗೆದುಕೊಳ್ಳಿ ಎಂದು ಎದ್ದು ನಿಂತು ಹೇಳಿದೆ. ಅಧ್ಯಕ್ಷರು ನಕ್ಕರು. "ನಾವೆಲ್ಲ ಒಂದೇ ಮನೆಯವ್ರು ಸಾರ್, ನಮ್ಮಲ್ಲಿ ಮುಚ್ಚುಮರೆ ಯಾಕೆ?" ಎಂದರು. ಚಪ್ಪಾಳೆ ಬಿತ್ತು. ಕೈ ಎತ್ತುವುದೇ ಎಂದಾಯಿತು. ಆಮೇಲೆ ಹಿರಿಯರೊಬ್ಬರು, ಚುನಾವಣೆ ಎಲ್ಲ ನಮ್ಮಂಥವರಿಗೆ ಶೋಭೆಯಲ್ಲ, ಅವಿರೋಧ ಆಯ್ಕೆ ಆಗಲಿ, ಈ ಅಮ್ಮನನ್ನು ಉಪಾಧ್ಯಕ್ಷರನ್ನಾಗಿ ಮಾಡೋಣ ಎಂದರು.

"ನ್ಯೂ ಲಿನ್ ಕ್ಲಾಸ್ ಉಳಿಯುತ್ತಾ ಅಂಕಲ್?" ಎಂದು ಇವಳು ಕೇಳಿದಳು.

"ಅದನ್ನ ಆಮೇಲೆ ನೋಡೋಣಮ್ಮ."

"ಹಾಗಾದ್ರೆ ನಿಲ್ತೀನಿ."

ಹೆಮ್ಮೆಯಿಂದ ನನ್ನ ಎದೆ ಉಬ್ಬಿತು. ಕಣ್ಣು ಮಾತ್ರ ಆ ಗೆಳತಿಯ ಮೇಲಿತ್ತು. ನನ್ನ ಹೆಂಡತಿಯ ಹೆಸರು ಕೂಗುವ ಹೊತ್ತಿಗೆ ಸರಿಯಾಗಿ ಅವಳು ಎದ್ದಳು. "ಬಿಸಿಬೇಳೆಬಾತ್ ತಳ ಹಿಡಿಯುತ್ತೆ" ಎಂದು ಅಡುಗೆಮನೆಗೆ ನಡೆದಳು. ಹಿಂದೆಯೇ ಇನ್ನೊಬ್ಬಾಕೆ ಹಪ್ಪಳ ಎಂದು ಹೋದಳು. ಇನ್ನೊಬ್ಬಳು ಮಗುವಿನ ಹಾಲು ಎಂದಳು. ನೋಡನೋಡುತ್ತಿದ್ದಂತೆ ಆ ಬೀದಿಯ ಹೆಂಗಸರೆಲ್ಲ ಅಡುಗೆಮನೆ ಸೇರಿದರು. ಬಡಿಸುವ ಕಿಂಡಿಯಿಂದ ಕಾಣುತ್ತಿತ್ತು. ಒಂದೇ ಪಾತ್ರೆಯ ಸುತ್ತ ಎಲ್ಲರೂ ನಿಂತಿದ್ದರು, ಯಾರೂ ಸೌಟು ಆಡಿಸುತ್ತಿರಲಿಲ್ಲ.

ಇವಳಿಗೆ ಎತ್ತಿದ್ದು ನಮ್ಮ ಪಶ್ಚಿಮದ ಕೈಗಳು, ಮೂಲೆಯಲ್ಲಿ ಕೂತಿದ್ದ ಒಂದಿಬ್ಬರು ಹುಡುಗಿಯರ ಕೈಗಳು. ಅಧ್ಯಕ್ಷರಿಗೆ ಗಂಡಸರ ಕೈ ಎದ್ದವು. ಹೆಂಗಸರು ಅವರ ಸರದಿಗೂ ಹೊರಗೆ ಬರಲಿಲ್ಲ. ಗೆದ್ದರೂ ಅವರು ಖಾಲಿ ಕುರ್ಚಿಗಳ ಕಡೆ ಒಮ್ಮೆ ನೋಡಿದ್ದನ್ನು ನಾನು ಗಮನಿಸಿದೆ. ಇಷ್ಟು ಜನ ಮನಸ್ಸಿನಲ್ಲಿ ನಮ್ಮ ಕಡೆಗಿದ್ದರೇ, ಅಥವಾ ಇಬ್ಬರ ಹತ್ತಿರವೂ ಒಳ್ಳೆಯವರಾಗಿ ಉಳಿಯುವ ಹೂಟವೇ? ಎರಡನೆಯದೇ ಎಂದು ಅಂದು ಅಂದುಕೊಂಡೆ, ಇಂದೂ ಅಂದುಕೊಳ್ಳುತ್ತೇನೆ.

ಊಟಕ್ಕೆ ಕೂತಾಗ ಆ ಗೆಳತಿ ನನ್ನ ಹೆಂಡತಿಯ ತಟ್ಟೆಗೆ ಎರಡೆರಡು ಸಲ ತುಪ್ಪ ಹಾಕಿದಳು. ತಲೆ ಎತ್ತಲಿಲ್ಲ, ಕಣ್ಣು ಒದ್ದೆಯಾಗಿದ್ದವು. "ಸಾಕಮ್ಮ" ಎಂದು ಇವಳು ಅವಳ ಕೈ ಸವರಿದಳು. ನನ್ನ ಕಡೆ ಬಂದಾಗ ನಾನಂತೂ ತಟ್ಟೆಗೆ ಕೈ ಅಡ್ಡ ಹಿಡಿದೆ.

ಊಟವಾದ ಮೇಲೆ ನನ್ನ ಹೆಂಡತಿ ಕುಂಕುಮದ ಭರಣಿ ಕೇಳಿ ತೆಗೆದುಕೊಂಡು, ಎಲ್ಲರ ಮುಂದೆ ಅಧ್ಯಕ್ಷರ ಹೆಂಡತಿಯ ಬಳಿ ಹೋದಳು. ಗೆದ್ದದ್ದಕ್ಕೆ ಸಂತೋಷ ಎಂದು ಹೇಳಿ ಕುಂಕುಮ ಇಟ್ಟಳು. ಎರಡು ಬಾಳೆಹಣ್ಣು ಕೊಟ್ಟಳು. ಆಮೇಲೆ ಬ್ಯಾಗಿನಿಂದ ಆ ಗಿಳಿಹಸಿರು ಕಣ ತೆಗೆದಳು. ಅದನ್ನು ತಂದಿದ್ದಾಳೆಂದು ನನಗೇ ಗೊತ್ತಿರಲಿಲ್ಲ. ಕಲೆಯ ಮೂಲೆ ಮೇಲೆ ಬರುವ ಹಾಗೆ ಮಡಿಸಿ, ಅದರ ಮೇಲೆ ನ್ಯೂ ಲಿನ್ ಕೋಣೆಯ ಬೀಗದ ಕೈ ಇಟ್ಟು, ಎರಡೂ ಕೈಯಲ್ಲಿ ಮುಂದೆ ಹಿಡಿದಳು.

ಅವರು ಕಲೆಯನ್ನು ನೋಡಿದರು. ಒಮ್ಮೆ ಅಡುಗೆಮನೆಯ ಕಡೆ ನೋಡಿದರು. ಮುಖ ಕೆಂಪಾಯಿತು. "ಬೀಗದ ಕೈ ಈಗ್ಲೇ ಯಾಕೆ... ಅಂಥ ಅವಸರ ಏನಿತ್ತು" ಎಂದು ತೊದಲಿದರು.

"ಇರ್ಲಿ ತೊಗೊಳಿ. ನಿಮ್ಮನೇಗೆ ಬರ್ಬೇಕಾದ್ದೇ" ಎಂದಳು ಇವಳು.

ಕುಂಕುಮದ ಜೊತೆ ಕೊಟ್ಟದ್ದನ್ನು ಬೇಡ ಎನ್ನುವ ಹಾಗಿಲ್ಲ. ತೆಗೆದುಕೊಂಡರು.

ಕಾರು ಮೋಟರ್‌ವೇ ಹತ್ತಿತು. ಯಾರು ಯಾವಾಗ ಯಾರ ಮನೆಗೆ ಹೋಗಿದ್ದರು ಎಂದು ನಾನು ಮನಸ್ಸಿನಲ್ಲೇ ಪೋಣಿಸುತ್ತಿದ್ದೆ. ಅವಳು ಬ್ಯಾಗಿನೊಳಗೆ ಕೈ ಹಾಕಿ ಏನನ್ನೋ ಹುಡುಕಿದಳು. ಬೀಗದ ಕೈ ಇರುತ್ತಿದ್ದ ಜಾಗ ಅದು. ನೆನಪಾಗಿ ಕೈ ಹೊರಗೆ ತೆಗೆದಳು.

"ಇನ್ಮೇಲೆ ಶನಿವಾರ ಬೆಳಿಗ್ಗೆ ಏನ್ರೀ ಮಾಡೋದು?" ಎಂದಳು.

"ಹೊತ್ತೇರೋ ತನಕ ಮಲಗೋಣ" ಎಂದೆ.

ಅವಳು ನಕ್ಕಳು. ಆಮೇಲೆ ನ್ಯೂ ಲಿನ್ ಬರುವವರೆಗೂ ಅತ್ತಳು.